ಸೈಬರ್‌ಪಂಕ್ 2077: ಒಳಗೆ ಹೋಗೋ ಮುಂಚೆ ಕ್ಯಾಮೆರಾ ಹಿಡೀರಿ

ಈ ವಿಡಿಯೋ ಗೇಮ್‌ನಲ್ಲಿ ಗಿಗ್ (ದುಡ್ಡಿಗೆ ಮಾಡೋ ಚಿಕ್ಕ ಕೆಲಸ) ಇರೋ ಬಿಲ್ಡಿಂಗ್‌ಗೆ ನುಗ್ಗೋ ಮುಂಚೆ ಹೊರಗಡೆಯಿಂದ ಕಾಣೋ ಒಂದು ಕ್ಯಾಮೆರಾನ ಹ್ಯಾಕ್ ಮಾಡಿ ಅದರೊಳಗೆ ಕೂತ್ಕೊಳ್ಳಿ, ಅಲ್ಲಿಂದ ಕಾಣೋ ಇನ್ನೊಂದು ಕ್ಯಾಮೆರಾಗೆ ಹಾರಿ, ಹಂಗೇ ಒಳಗಿನ ರೂಮ್‌ವರೆಗೂ ಹೋಗಿ ಗಾರ್ಡ್‌ಗಳನ್ನೆಲ್ಲ ಟ್ಯಾಗ್ ಮಾಡ್ಕೊಂಡು (ಗುರುತು ಹಾಕ್ಕೊಂಡು) ಬನ್ನಿ. ಕ್ವಿಕ್‌ಹ್ಯಾಕ್‌ಗೆ (ದೂರದಿಂದಲೇ ಮಷೀನ್ ಅಥವಾ ಶತ್ರು ಮೇಲೆ ಹಾಕೋ ಹ್ಯಾಕ್‌ಗೆ) ಬೇಕಿರೋದು ನೇರ ನೋಟ ಅಷ್ಟೇ, ಅದು ನಿಮ್ಮ ಕಣ್ಣಿಂದಾನೇ ಆಗ್ಬೇಕು ಅಂತಿಲ್ಲ, ಅದಕ್ಕೇ ಗೋಡೆ ಆಚೆ ನಿಂತ್ಕೊಂಡೇ ಟಿವಿನೋ ವೆಂಡಿಂಗ್ ಮಷೀನೋ ಕೆಡಿಸಿ ಗಾರ್ಡ್‌ನ ಆ ಕಡೆ ಎಳೀಬಹುದು, ಆಮೇಲೆ ಹಿಂದಿನಿಂದ ಹೋಗಿ ಹಿಡಿದು ಬಾಡೀನ ಡಬ್ಬದಲ್ಲಿ ಹಾಕ್ಬಿಡಿ, ಬಾಡಿ ಯಾರಿಗಾದ್ರೂ ಕಂಡ್ರೆ ಎಲ್ಲರೂ ಅಲರ್ಟ್ ಆಗ್ತಾರೆ. ಗಮನ ಇರ್ಲಿ, ಕ್ಯಾಮೆರಾದಲ್ಲಿ ಇರುವಾಗ ನಿಮ್ಮ ವೀ (ನೀವು ಆಡೋ ಪಾತ್ರ) ಅಲ್ಲೇ ನಿಂತಿರ್ತಾಳೆ, ಹಾಗಾಗಿ ಮರೆಯಲ್ಲಿ ಬಿಟ್ಟು ಹೋಗಿ. 2023ರ 2.0 ಅಪ್‌ಡೇಟ್ ಆದ್ಮೇಲೆ ಡ್ಯಾಮೇಜ್ ಮಾಡೋ ಹ್ಯಾಕ್ ಹಾಕಿದ್ರೆ ಶತ್ರುಗಳು ನಿಮ್ಮ ಜಾಗ ಟ್ರೇಸ್ ಮಾಡೋಕೆ ಶುರು ಮಾಡ್ತಾರೆ, ಆಗ ಅಡಗೋದು ಬಿಟ್ಟು ಮೊದಲು ಅವರ ನೆಟ್‌ರನ್ನರ್‌ನ (ಹ್ಯಾಕರ್‌ನ) ಗನ್‌ನಲ್ಲೇ ಮುಗಿಸಿ, ಅವನು ಉಳಿದ್ರೆ ನಿಮ್ಮನ್ನೇ ಹ್ಯಾಕ್ ಮಾಡ್ತಾನೆ. ಆಡಮ್ ಸ್ಮ್ಯಾಶರ್ ತರದ ಬಾಸ್ ಹತ್ರ ಹೀಗೆ ಅಡಗಿ ಹಿಡಿಯೋ ಆಟ ನಡೆಯಲ್ಲ, ಅಲ್ಲಿಗೆ ಒಳ್ಳೆ ಗನ್ನು, ಹೀಲಿಂಗ್ ರೆಡಿ ಇಟ್ಕೊಂಡೇ ಹೋಗಿ.