ಕಟ್ಟಡ ಕುಸಿದಾಗ ಮೊದಲು ಓಡಿಬಂದವರು ಮಾಡಬೇಕಾದದ್ದು

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ಅವಶೇಷಗಳಡಿ ಸಿಲುಕಿದ್ದ ಕೆಲವರನ್ನು ಎರಡು ದಿನಗಳ ನಂತರವೂ ಜೀವಂತವಾಗಿ ಹೊರತೆಗೆಯಲಾಯಿತು. ಇಂಥ ಕಡೆ ರಕ್ಷಣಾ ಪಡೆ ಬರುವ ಮೊದಲೇ ಎದುರಿನ ಅಂಗಡಿಯವರು, ಆಟೊ ಚಾಲಕರು, ಅಕ್ಕಪಕ್ಕದ ಗಾರೆ ಕೆಲಸದವರು ಸೇರಿರುತ್ತಾರೆ. ಅವರಲ್ಲಿ ಧೈರ್ಯಕ್ಕೆ ಕೊರತೆಯಿಲ್ಲ. ಆದರೆ ಯಾರು ಹೇಳಬೇಕು, ಯಾರು ಕೇಳಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಮೊದಲು ಒಬ್ಬರು 112ಕ್ಕೆ ಕರೆ ಮಾಡಲಿ, ಇನ್ನೊಬ್ಬರು ವಿದ್ಯುತ್ ಕಡಿತಗೊಳಿಸಲು ಲೈನ್‌ಮನ್‌ಗೆ ತಿಳಿಸಲಿ. ಕಟ್ಟಡದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರು ಅಲ್ಲಿದ್ದರೆ ಉಳಿದವರು ಅವರ ಮಾತಿನಂತೆ ನಡೆಯಲಿ. ಬಿದ್ದ ಸ್ಲ್ಯಾಬಿನ ಮೇಲೆ ಹತ್ತಾರು ಜನ ಹತ್ತಿ ನಿಲ್ಲಬಾರದು, ಏಕೆಂದರೆ ಕೆಳಗೆ ಜೀವ ಉಳಿಸಿರುವ ಸಣ್ಣ ಪೊಳ್ಳು ಜಾಗ ಆ ಭಾರಕ್ಕೇ ಮುಚ್ಚಿಹೋಗಬಹುದು. ಜೆಸಿಬಿ ತರಿಸುವ ಆತುರವೂ ಬೇಡ. ಬಿಡಿ ಇಟ್ಟಿಗೆ, ಮಣ್ಣನ್ನು ಸಾಲಾಗಿ ನಿಂತು ಬಾಂಡ್ಲಿಯಲ್ಲಿ ದಾಟಿಸಿ. ಕಂಬ, ತೊಲೆಗಳನ್ನು ಎಳೆಯಬೇಡಿ.

ಅತ್ಯಂತ ಕಷ್ಟದ ಕೆಲಸ ಸುಮ್ಮನಿರುವುದು. ಹತ್ತು ನಿಮಿಷಕ್ಕೊಮ್ಮೆಯಾದರೂ ಎಂಜಿನ್, ಮೊಬೈಲ್, ಮಾತು ಎಲ್ಲವನ್ನೂ ನಿಲ್ಲಿಸಿ, ಹೊರಚಾಚಿದ ಪೈಪಿಗೋ ಸರಳಿಗೋ ಕಲ್ಲಿನಿಂದ ಮೂರು ಬಾರಿ ಬಡಿದು, ಕಿವಿಗೊಟ್ಟು ಕಾಯಿರಿ. ಮರುಬಡಿತ ಕೇಳಿದರೆ ಎಲ್ಲರೂ ಒಟ್ಟಿಗೆ ಕೂಗದೆ ಒಬ್ಬರೇ ಮಾತನಾಡಿ, ಹೆಸರೇನು, ಜೊತೆಗೆ ಎಷ್ಟು ಜನ, ಮೈಯ ಯಾವ ಭಾಗ ಸಿಕ್ಕಿಕೊಂಡಿದೆ ಎಂದು ಕೇಳಿ. "ಐದೇ ನಿಮಿಷ" ಎಂಬ ಭರವಸೆ ಕೊಡಬೇಡಿ; ಒಳಗಿರುವವರು ಆ ಐದು ನಿಮಿಷವನ್ನು ಎಣಿಸುತ್ತಿರುತ್ತಾರೆ.

ಕುಸಿದ ಕೆಲವೇ ನಿಮಿಷಗಳಲ್ಲಿ ಸುಲಭವಾಗಿ ಬಿಡಿಸಬಹುದಾದವರನ್ನು ಬಿಡಿಸಬಹುದು. ಕಾಲೋ ತೊಡೆಯೋ ಗಂಟೆಗಟ್ಟಲೆ ಜಜ್ಜಿಹೋಗಿದ್ದರೆ ವಿಷಯವೇ ಬೇರೆ: ಒತ್ತಡ ಒಮ್ಮೆಲೇ ತಪ್ಪಿದಾಗ ಹಾಳಾದ ಸ್ನಾಯುಗಳಿಂದ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು, ಮೂತ್ರಪಿಂಡ ಕೆಡಬಹುದು. ಅಲ್ಲಿಯವರೆಗೆ ಚೆನ್ನಾಗಿ ಮಾತನಾಡುತ್ತಿದ್ದವರೂ ಹೀಗೆ ಸಾಯುವುದುಂಟು. ವೈದ್ಯರು ಬಂದು ಸಲೈನ್ ಹಾಕುವವರೆಗೆ ಎಳೆಯದೆ, ಅವರು ಎಷ್ಟು ಹೊತ್ತಿನಿಂದ ಸಿಕ್ಕಿಕೊಂಡಿದ್ದಾರೆಂಬುದನ್ನು ಬರೆದಿಡಿ.

ಬರೆಯುವುದಕ್ಕೆ ಸಿಮೆಂಟು ಚೀಲದ ತುಂಡಾದರೂ ಸಾಕು. ಯಾವ ಮಹಡಿಯಲ್ಲಿ ಯಾರಿದ್ದರು, ಧ್ವನಿ ಕೇಳಿದ್ದು ಎಲ್ಲಿ, ಹೊರಬಂದವರನ್ನು ಯಾವ ಆಸ್ಪತ್ರೆಗೆ ಕಳುಹಿಸಲಾಯಿತು ಎಂಬುದನ್ನು ಸಮಯದೊಂದಿಗೆ ಗುರುತಿಸಿ. ಅಗ್ನಿಶಾಮಕ ದಳವೋ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ತಂಡವೋ ಬಂದು ಹಗ್ಗ ಕಟ್ಟಿ ಹಿಂದೆ ಸರಿಸಿದಾಗ, ಅಷ್ಟು ಹೊತ್ತು ಬರಿಗೈಯಲ್ಲಿ ಅಗೆದವರಿಗೆ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿನಲ್ಲಿ ಮನೆಗೆ ಹೋದವರ ಜೊತೆಗೆ ಆ ಮಾಹಿತಿಯೂ ಹೋಗುತ್ತದೆ. ಚೀಟಿಯನ್ನು ತಂಡದ ಮುಖ್ಯಸ್ಥರ ಕೈಗೇ ಕೊಟ್ಟು, ಕರೆದರೆ ಸಿಗುವಷ್ಟು ಹತ್ತಿರದಲ್ಲಿ ನಿಲ್ಲಿ.

ಮೊಳೆ, ಸರಳು ತಗುಲಿ ಗಾಯವಾಗಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಅಂದೇ ವೈದ್ಯರನ್ನು ಕೇಳಿ. ವಾರಗಳು ಕಳೆದರೂ ಆ ಕೂಗು ಕಿವಿಯಲ್ಲೇ ಉಳಿದು ನಿದ್ದೆ ಬಾರದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.