ಗೌರಿ ಹೂವಿನ ಕುಂಡ ಮತ್ತು ನಮ್ಮ ಬೆಕ್ಕು

ಕಾಡಂಚಿನ ಪೊದೆಗಳ ಮೇಲೆ ಹಬ್ಬಿ ಅರಳುವ ಗೌರಿ ಹೂವನ್ನು (ಅಗ್ನಿಶಿಖೆ ಅಂತಲೂ ಅನ್ನುತ್ತಾರೆ) ನಾಲ್ಕು ವರ್ಷ ಕುಂಡದಲ್ಲಿ ಬೆಳೆಸಿದ್ದೆ. ಹಸಿರು ಹಳದಿಗೆ, ಹಳದಿ ಕೆಂಪಿಗೆ ತಿರುಗುವ ಆ ಆರು ಎಸಳುಗಳನ್ನು ನೋಡುವುದೇ ಒಂದು ಸುಖ. ಐದನೇ ವರ್ಷ ಮನೆಗೆ ಬೆಕ್ಕಿನ ಮರಿ ಬಂತು.

ಈ ಬಳ್ಳಿಯ ಎಲೆತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ. ಗಾಳಿಗೆ ಅದು ಅಲ್ಲಾಡಿದರೆ ಸಾಕು, ಮರಿ ಹಾರಿ ಹಾರಿ ಹೊಡೆಯುತ್ತಿತ್ತು. ಒಂದು ಸಂಜೆ ನೋಡಿದರೆ ಎರಡು ಎಲೆ ಅರ್ಧಕ್ಕೆ ಹರಿದಿವೆ. ಗಿಡದ ಎಲ್ಲಾ ಭಾಗದಲ್ಲೂ ಕೊಲ್ಚಿಸಿನ್ ಅನ್ನುವ ವಿಷ ಇದೆ ಅಂತ ನನಗೆ ಗೊತ್ತಿತ್ತು. ಆದರೂ ಕುಂಡವನ್ನು ಕೈಗೆಟುಕುವಲ್ಲೇ ಇಟ್ಟಿದ್ದೆ. ಅದು ನನ್ನದೇ ತಪ್ಪು.

ವಾಂತಿ ಮಾಡಿಸಲು ಉಪ್ಪುನೀರು ಕುಡಿಸಲಿಲ್ಲ. ಬೆಕ್ಕಿಗೆ ಉಪ್ಪೇ ವಿಷವಾಗಬಹುದು. ಬಾಯಿ ಒರೆಸಿ, ಹರಿದ ಎಲೆಯನ್ನು ಕವರಿಗೆ ಹಾಕಿಕೊಂಡು ನೇರ ಪಶುವೈದ್ಯರ ಹತ್ತಿರ ಓಡಿದೆ. ಅವರು ಇದ್ದಿಲಿನ ಔಷಧಿ ಕೊಟ್ಟು, ಡ್ರಿಪ್ ಹಾಕಿ, ರಾತ್ರಿ ಅಲ್ಲೇ ಇಟ್ಟುಕೊಂಡರು.

ಮರುದಿನ ಮರಿ ಆಡುತ್ತಿತ್ತು. "ಚೆನ್ನಾಗೇ ಇದೆಯಲ್ಲ ಡಾಕ್ಟ್ರೇ, ಮತ್ತೆ ರಕ್ತಪರೀಕ್ಷೆ ಯಾಕೆ?" ಅಂದೆ. ಅವರು ಕೂರಿಸಿ ವಿವರಿಸಿದರು. ಕೊಲ್ಚಿಸಿನ್ ಜೀವಕೋಶ ಇಬ್ಭಾಗವಾಗುವುದನ್ನೇ ತಡೆಯುತ್ತದೆ. ಬೇಗ ಬೇಗ ಹೊಸ ಕೋಶ ಹುಟ್ಟುವುದು ಕರುಳಿನ ಒಳಪದರದಲ್ಲಿ, ಮೂಳೆಯ ಮಜ್ಜೆಯಲ್ಲಿ. ಅದಕ್ಕೇ ಮೊದಲು ವಾಂತಿ, ರಕ್ತಭೇದಿ. ಬಿಳಿರಕ್ತಕಣ ಕುಸಿಯುವುದು ಕೆಲವು ದಿನ ಕಳೆದ ಮೇಲೆ. ಮರಿ ಎಲೆಯನ್ನು ಹರಿದಿದ್ದೇ ಹೆಚ್ಚು, ನುಂಗಿದ್ದು ಕಡಿಮೆ ಅಂತ ಕಾಣುತ್ತದೆ. ಉಳಿಯಿತು.

ಬಳ್ಳಿಯನ್ನು ಅಂದೇ ಬುಡಕ್ಕೆ ಕತ್ತರಿಸಿ ಹಾಕಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ವಾರದ ಮೇಲೆ ಅದೇ ಬರಿ ಕುಂಡದ ಮಣ್ಣನ್ನು ಮರಿ ಕೆರೆಯುತ್ತಾ ಕೂತಿತ್ತು, ಮಲವಿಸರ್ಜನೆಗೆ ಜಾಗ ಮಾಡಿಕೊಳ್ಳಲು. ಎದೆ ಧಸಕ್ಕೆಂದಿತು. ವಿಷ ದಟ್ಟವಾಗಿರುವುದು ಗಡ್ಡೆಯಲ್ಲಿ, ಬೀಜದಲ್ಲಿ. ಮೇಲೆ ಒಣಗಿದರೂ ಗಡ್ಡೆ ಮಣ್ಣಿನೊಳಗೆ ಜೀವಂತವಾಗಿದ್ದು ಮಳೆಗೆ ಮತ್ತೆ ಚಿಗುರುತ್ತದೆ. ಕೈಗವಸು ಹಾಕಿಕೊಂಡು ಇಡೀ ಕುಂಡ ಸುರಿದು ಜರಡಿ ಹಿಡಿದೆ. ನೇಗಿಲಿನ ಹಾಗೆ ಬಾಗಿದ ಗಡ್ಡೆ (ಲಾಂಗಲಿ ಅನ್ನುವ ಹೆಸರು ಬಂದಿದ್ದೇ ಅದರಿಂದ) ಮೂರು ಸಿಕ್ಕವು, ಒಂದು ತುಂಡಾಗಿತ್ತು. ಇನ್ನೊಂದು ತುಂಡು ಸಿಗುವ ತನಕ ಮಣ್ಣು ಬಿಡಲಿಲ್ಲ.

ಇದನ್ನು ಲಿಲ್ಲಿ ಅಂತಲೂ ಕರೆಯುವುದರಿಂದ ಗೊಂದಲವಾಗುತ್ತದೆ. ನಿಜವಾದ ಲಿಲ್ಲಿಗಳ ಕುಟುಂಬವೇ ಬೇರೆ, ವಿಷವೂ ಬೇರೆ. ಅವು ಬೆಕ್ಕಿನ ಮೂತ್ರಪಿಂಡವನ್ನೇ ಕೆಡಿಸುತ್ತವೆ. ಮೈಮೇಲೆ ಬಿದ್ದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಅಪಾಯ. ಎರಡೂ ಈಗ ನಮ್ಮ ಮನೆಯೊಳಗೆ ಬರುವುದಿಲ್ಲ.

ಹುಲ್ಲು ಕಡಿಯುವ ಆಸೆ ಬೆಕ್ಕಿಗೆ ಸಹಜ. ಗೋಧಿ ಮೊಳಕೆ ಬರಿಸಿ ಅಗಲದ ತಟ್ಟೆಯಲ್ಲಿ ಹುಲ್ಲು ಬೆಳೆಸಿ ಕಿಟಕಿ ಬಳಿ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಅಲ್ಲೇ ಹಾಜರು.