ಗೈಡ್‌ಗಿಂತ ಮೊದಲು ರೊಕ್ಕ ಹುಡುಕಿದೆ: ಕಲಬುರಗಿಯಲ್ಲಿ ನನ್ನ ಪಿಎಚ್‌ಡಿ

ನಮ್ಮ ಕಡೆ ಪಿಎಚ್‌ಡಿ ಅಂದ ಕೂಡಲೇ ಎಲ್ಲರೂ ಗೈಡ್ ಹುಡುಕಲು ಹೊರಡುತ್ತಾರೆ. ನಾನು ಮೊದಲು ಫೆಲೋಶಿಪ್ ಹುಡುಕಿದೆ. ಕಲಬುರಗಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡಿಕೊಂಡಿದ್ದವನು, ತಿಂಗಳ ಸಂಬಳ ಬಿಟ್ಟು ಮತ್ತೆ ಕಂಪ್ಯೂಟರ್ ಸೈನ್ಸ್ ಓದುತ್ತೇನೆ ಅಂದಾಗ ಅಪ್ಪ ಕೇಳಿದ್ದು ಒಂದೇ: "ರೊಕ್ಕ ಯಾರ್ ಕೊಡ್ತಾರ?" ಪಾರ್ಟ್ ಟೈಮ್ ದಾರಿಯೂ ಇತ್ತು. ಆದರೆ ಅದಕ್ಕೆ ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ನೆಟ್ ಪರೀಕ್ಷೆಯಲ್ಲಿ ಗೆದ್ದವರಿಗೆ ಯುಜಿಸಿ ಕೊಡುವ ಜೆಆರ್‌ಎಫ್, ಸಿಗಲ್ಲ.

ಇಂಜಿನಿಯರಿಂಗ್ ಉನ್ನತ ಓದಿಗೆ ಬೇಕಾದ ಗೇಟ್, ಕಾಲೇಜಲ್ಲಿ ಪಾಠ ಮಾಡುವ ಅರ್ಹತೆಗೂ ಜೆಆರ್‌ಎಫ್‌ಗೂ ಇರುವ ನೆಟ್, ಎರಡೂ ಪರೀಕ್ಷೆ ಬರೆದೆ. ಆಪರೇಟಿಂಗ್ ಸಿಸ್ಟಮ್, ಡಿಬಿಎಂಎಸ್, ಕಂಪೈಲರ್, ಡಿಸ್ಕ್ರೀಟ್ ಮ್ಯಾಥ್ಸ್ ಎರಡಕ್ಕೂ ಬರುತ್ತವೆ, ಹಾಗಾಗಿ ಓದು ಬೇರೆ ಬೇರೆ ಅಲ್ಲ. ದುಡ್ಡೂ ಹೆಚ್ಚುಕಡಿಮೆ ಒಂದೇ, ಮೊದಲ 2 ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. ವ್ಯತ್ಯಾಸ ಇರುವುದು ಬೇರೆ ಕಡೆ. ಗೇಟ್ ಮೇಲೆ ಐಐಟಿ, ಎನ್‌ಐಟಿ ಸೇರಿದರೆ ಆ ದುಡ್ಡು ಆ ಸಂಸ್ಥೆಯ ಸೀಟಿಗೆ ಅಂಟಿಕೊಂಡಿರುತ್ತದೆ, ಲ್ಯಾಬ್, ಟ್ಯುಟೋರಿಯಲ್ ಕೆಲಸವೂ ಜೊತೆಗೇ ಬರುತ್ತದೆ. ಜೆಆರ್‌ಎಫ್ ಹಾಗಲ್ಲ, ನಾವು ಸೇರುವ ವಿಶ್ವವಿದ್ಯಾಲಯಕ್ಕೆ ನಮ್ಮ ಹಿಂದೆಯೇ ಬರುತ್ತದೆ. ಮನೆ ಬಿಟ್ಟು ದೂರ ಹೋಗುವ ಹಾಗಿರಲಿಲ್ಲ ನನಗೆ, ಅದಕ್ಕೇ ಜೆಆರ್‌ಎಫ್ ಹಿಡಿದೆ.

ಕಂಪ್ಯೂಟರ್‌ನವರು ಸುಮ್ನೆ ಬಿಟ್ಟುಬಿಡುವುದು ನೆಟ್‌ನ ಮೊದಲ ಪೇಪರ್. 300 ಅಂಕಗಳಲ್ಲಿ 100 ಅಲ್ಲೇ ಇವೆ, ನೆಗೆಟಿವ್ ಮಾರ್ಕ್ಸ್ ಇಲ್ಲ. ಪ್ರತ್ಯಕ್ಷ, ಅನುಮಾನ ಅಂತ ಭಾರತೀಯ ತರ್ಕವೂ ಬರುತ್ತದೆ, ನನಗಂತೂ ನಮ್ಮ ವಿಷಯದ ಆಟೊಮ್ಯಾಟಾ ಪಾಠಕ್ಕಿಂತ ಅದೇ ಸುಲಭವಾಗಿತ್ತು. ಇನ್ನೊಂದು, 'ನೆಟ್ ಆಯ್ತು' ಅಂತ ಊರೆಲ್ಲ ಪೇಢಾ ಹಂಚುವ ಮೊದಲು ರಿಸಲ್ಟ್ ಸರಿಯಾಗಿ ಓದಿ. 2024ರಿಂದ ಅದರಲ್ಲಿ 3 ಬಗೆ ಇದೆ: ಜೆಆರ್‌ಎಫ್ ಜೊತೆಗೆ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ, ಅಸಿಸ್ಟೆಂಟ್ ಪ್ರೊಫೆಸರ್ ಜೊತೆಗೆ ಪಿಎಚ್‌ಡಿ ಪ್ರವೇಶ, ಬರೀ ಪಿಎಚ್‌ಡಿ ಪ್ರವೇಶ. ಜೆಆರ್‌ಎಫ್ ಹಣ ಬರುವುದು ಮೊದಲನೆಯದಕ್ಕೆ ಮಾತ್ರ. ವಯಸ್ಸೂ ನೋಡಿಕೊಳ್ಳಿ, ಜೆಆರ್‌ಎಫ್‌ಗೆ ಮಿತಿ 30, ಮಹಿಳೆಯರಿಗೆ ಮತ್ತು ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 5 ವರ್ಷ ಸಡಿಲಿಕೆ ಇದೆ. ಕೆಲವು ವರ್ಷ ಪಾಠ ಮಾಡಿದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಹೊರಗೆ ಹೋಗಬಲ್ಲವರು ಬೆಂಗಳೂರು ಒಂದನ್ನೇ ನೋಡಬೇಡಿ. ಬೀದರಿನವರಿಗೆ ಐಐಟಿ ಹೈದರಾಬಾದ್ ಎಷ್ಟೋ ಹತ್ತಿರ, ಜಹೀರಾಬಾದ್ ದಾಟಿ ಸಂಗಾರೆಡ್ಡಿ ಹತ್ತಿರದ ಕಂದಿಯಲ್ಲಿದೆ. ಯಾದಗಿರಿಯವರಿಗೆ ಪಕ್ಕದಲ್ಲೇ ಐಐಐಟಿ ರಾಯಚೂರು. ಪಿಎಂಆರ್‌ಎಫ್, ಅಂದರೆ ಪ್ರಧಾನ ಮಂತ್ರಿ ರಿಸರ್ಚ್ ಫೆಲೋಶಿಪ್, 2018ರಲ್ಲಿ ಶುರುವಾದಾಗ ತಿಂಗಳಿಗೆ ₹70,000ದಿಂದ ₹80,000ದವರೆಗೆ ಇಟ್ಟಿದ್ದರು, ಆದರೆ ಅದು ಆಯ್ದ ಸಂಸ್ಥೆಗಳಲ್ಲಿ ಇರುವವರಿಗೇ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ವಿಶ್ವೇಶ್ವರಯ್ಯ ಪಿಎಚ್‌ಡಿ ಯೋಜನೆ ನಮ್ಮ ವಿಷಯದವರಿಗಾಗಿಯೇ ಮಾಡಿದ್ದು, ಆದರೆ ಸೀಟು ಸಿಕ್ಕಿದ ಸಂಸ್ಥೆಯಲ್ಲಿ ಅದು ಇದೆಯೋ ಇಲ್ಲವೋ ಅಂತ ಸೇರುವ ಮೊದಲೇ ಕೇಳಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ನೆಟ್ ಇಲ್ಲದವರಿಗೆ ನಾನ್-ನೆಟ್ ಫೆಲೋಶಿಪ್ ಅಂತ ಇದೆ, ತಿಂಗಳಿಗೆ ₹8,000. ಅದನ್ನು ನಂಬಿ ಸಂಸಾರ ನಡೆಸಲು ಆಗಲ್ಲ ಬಿಡಿ.

ಸೇರಿದ ಮೇಲೆ ದುಡ್ಡು ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಪ್ರತಿ ತಿಂಗಳು ನಾವು ಹಾಜರಿದ್ದೇವೆ ಅಂತ ವಿಶ್ವವಿದ್ಯಾಲಯದವರು ಫೆಲೋಶಿಪ್ ಪೋರ್ಟಲ್‌ನಲ್ಲಿ ಖಚಿತಪಡಿಸಬೇಕು. ವಿವರ ತುಂಬುವವರು ಮೇಕರ್, ಅದನ್ನು ನೋಡಿ ಒಪ್ಪುವವರು ಚೆಕರ್. ಮೇಕರ್ ರಜೆ ಹಾಕಿದರೆ ಆ ತಿಂಗಳ ದುಡ್ಡು ನಿಂತಿತು. ನಾನು ಇಬ್ಬರ ಟೇಬಲ್ ಹತ್ತಿರವೂ ಗೈಡ್ ಸಹಿ ಇರುವ ಹಾಜರಿ ಪತ್ರ ಹಿಡಿದು ನಿಲ್ಲುತ್ತಿದ್ದೆ, "ನಾಳಿ ಬರ್ರಿ" ಅಂದರೆ ನಾಳೆಯೂ ಹೋಗುತ್ತಿದ್ದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಮೊದಲ ಕಂತು ತಡವಾಗುತ್ತದೆ, ಬಾಕಿ ಆಮೇಲೆ ಒಟ್ಟಿಗೆ ಬೀಳುತ್ತದೆ, ಅಲ್ಲಿವರೆಗಿನ ಮನೆ ಖರ್ಚು ನೌಕರಿ ಇರುವಾಗಲೇ ಎತ್ತಿಟ್ಟುಕೊಂಡಿರಬೇಕು.

ಪುಸ್ತಕ, ಸಾಮಗ್ರಿಯಂಥ ಸಂಶೋಧನೆ ಖರ್ಚಿಗೆ ಕೊಡುವ ಕಂಟಿಂಜೆನ್ಸಿ ಮೊದಲ 2 ವರ್ಷ ವರ್ಷಕ್ಕೆ ₹12,000, ಆಮೇಲೆ ₹25,000. ಇದರಲ್ಲಿ ಭಾರೀ ಲೆಕ್ಕಾಚಾರಕ್ಕೆ ಬೇಕಾದ ಒಳ್ಳೆಯ ಜಿಪಿಯು ಬರಲ್ಲ, ಅಲ್ವಾ? ಅದಕ್ಕೇ ಗೈಡ್ ಹುಡುಕುವಾಗ ಲ್ಯಾಬ್‌ನಲ್ಲಿ ಯಾವ ಮೆಷಿನ್ ಇದೆ ಅಂತ ಕೇಳಿದೆ, ಚಿಕ್ಕ ಪ್ರಯೋಗಗಳನ್ನು ಗೂಗಲ್‌ನ ಆನ್‌ಲೈನ್ ಕೊಲಾಬ್‌ನಲ್ಲಿ ಮಾಡಿಕೊಂಡೆ. ಹೊರದೇಶದ ಕಾನ್ಫರೆನ್ಸ್‌ನಲ್ಲಿ ಪೇಪರ್ ಆಯ್ಕೆಯಾದರೆ ಕಂಪ್ಯೂಟರ್ ಸೈನ್ಸ್‌ನವರ ಸಂಘಗಳಾದ ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ ಸೇರಿ ಕೊಡುವ ಪ್ರಯಾಣ ಧನಸಹಾಯಕ್ಕೆ ಅರ್ಜಿ ಹಾಕಬಹುದು.

2 ವರ್ಷ ತುಂಬಿದಾಗ ಜೆಆರ್‌ಎಫ್‌ನಿಂದ ಸೀನಿಯರ್ ರಿಸರ್ಚ್ ಫೆಲೋಶಿಪ್‌ಗೆ (ಎಸ್‌ಆರ್‌ಎಫ್) ಏರಿಸಲು ಸಮಿತಿ ಕೂರಬೇಕು, ಅದರಲ್ಲಿ ಹೊರಗಿನ ತಜ್ಞರೊಬ್ಬರು ಇರಲೇಬೇಕು. ಅವರ ದಿನಾಂಕ ಸಿಗುವುದೇ ಕಷ್ಟ, ಹಾಗಾಗಿ ಅವಧಿ ಮುಗಿಯುವ ಮೊದಲೇ ಗೈಡ್ ಕೈಯಿಂದ ಅವರಿಗೆ ಪತ್ರ ಬರೆಸಿಬಿಡಿ.